ಪ್ರಾಣಿಗಳ ಮಾತಿನ ವೀಡಿಯೊಗಳ ಕುರಿತು ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಪ್ರಾಣಿಗಳು ಮನುಷ್ಯರಂತೆಯೇ ಭಾಷೆಯನ್ನು ಬಳಸುತ್ತವೆ ಎನ್ನುವ ವೀಡಿಯೊಗಳನ್ನು ಇಲ್ಲಿ ಹಂಚಿಕೊಳ್ಳುವ ಮುನ್ನ, ನಿಮ್ ಎಂಬ ಚಿಂಪಾಂಜಿಯ ಪ್ರಕರಣವನ್ನು ಗಮನಿಸಬೇಕೆಂದು ಕೋರುತ್ತೇನೆ. 1973ರಲ್ಲಿ ಹುಟ್ಟಿದ ಈ ಮರಿಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಟೆರೇಸ್ ಅವರ ತಂಡ ಕೈಸನ್ನೆಯ ಭಾಷೆ ಕಲಿಸಿತು. ಅದು ಸುಮಾರು 125 ಸನ್ನೆಗಳನ್ನು ಕಲಿಯಿತು. ಆದರೆ ಅದರ ಅತಿ ಉದ್ದನೆಯ, 16 ಸನ್ನೆಗಳ ಸರಣಿಯಲ್ಲಿ 'ಕೊಡು', 'ಕಿತ್ತಳೆ', 'ನಾನು', 'ತಿನ್ನು', 'ನೀನು' ಎಂಬ ಐದೇ ಸನ್ನೆಗಳು ಮರಳಿ ಮರಳಿ ಬರುತ್ತವೆಯೇ ಹೊರತು, ಉದ್ದ ಹೆಚ್ಚಿದಂತೆ ಅರ್ಥ ಬೆಳೆಯುವುದಿಲ್ಲ. ಚಿತ್ರೀಕರಣವನ್ನು ಮತ್ತೆ ಪರಿಶೀಲಿಸಿದಾಗ, ನಿಮ್ ಬಹಳಷ್ಟು ಸಲ ಶಿಕ್ಷಕರು ಆಗಷ್ಟೇ ಮಾಡಿದ ಸನ್ನೆಯನ್ನೇ ಅನುಕರಿಸುತ್ತಿದ್ದುದು ಕಂಡುಬಂತು. ತಮ್ಮ ಮೂಲ ನಿರೀಕ್ಷೆಗೆ ವಿರುದ್ಧವಾದ ಈ ತೀರ್ಮಾನವನ್ನು ಟೆರೇಸ್ 1979ರಲ್ಲಿ ಪ್ರಕಟಿಸಿದರು. ಆ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಹಾಗೆಂದು, ಭಾಷೆಯಿಲ್ಲದ ಪ್ರಾಣಿಗೆ 'ತಾನು' ಎಂಬ ಅರಿವೂ ಇಲ್ಲವೆಂದು ಭಾವಿಸಲಾಗದು. ಬ್ರಾಂಕ್ಸ್ ಮೃಗಾಲಯದ ಹ್ಯಾಪಿ ಎಂಬ ಏಷ್ಯಾದ ಆನೆ, ತನ್ನ ಹಣೆಯ ಮೇಲೆ ಬಳಿದಿದ್ದ ಬಿಳಿಯ ಗುರುತನ್ನು ಕನ್ನಡಿಯಲ್ಲಿ ಕಂಡು, ಸೊಂಡಿಲಿನಿಂದ ತನ್ನ ತಲೆಯನ್ನೇ ಪದೇ ಪದೇ ಮುಟ್ಟಿ ನೋಡಿಕೊಂಡಿತೆಂದು 2006ರಲ್ಲಿ ವರದಿಯಾಯಿತು. ಅದೇ ಪರೀಕ್ಷೆಯಲ್ಲಿ ಉಳಿದ ಎರಡು ಆನೆಗಳು ಗುರುತನ್ನು ಮುಟ್ಟಲಿಲ್ಲ. ಆದರೆ ಮುಟ್ಟದಿರುವುದು ಅರಿವಿಲ್ಲದ್ದಕ್ಕೆ ಪುರಾವೆಯಾಗುವುದಿಲ್ಲ, ಏಕೆಂದರೆ ಮೈಮೇಲೆ ಮಣ್ಣೆರಚಿಕೊಳ್ಳುವ ಆನೆಗೆ ಒಂದು ಕಲೆ ಲೆಕ್ಕಕ್ಕೇ ಬಾರದಿರಬಹುದು.

ಆದ್ದರಿಂದ ಇನ್ನು ಮುಂದೆ ಇಂತಹ ವೀಡಿಯೊ ಹಾಕುವವರು, ಸಾಧ್ಯವಾದಷ್ಟು ಕತ್ತರಿಸದ, ತರಬೇತುದಾರರ ಕೈಗಳೂ ಕಾಣುವ ಆವೃತ್ತಿಯನ್ನೇ ಹಂಚಿಕೊಳ್ಳಬೇಕಾಗಿ ವಿನಂತಿ.