ಲಂಚ ತೆಗೆದುಕೊಳ್ಳದ ದೇವರು

ಪ್ರೀತಿಯ ಮಗಳಿಗೆ,

ಕರ್ತನ ನಾಮದಲ್ಲಿ ನಿನ್ನ ದೊಡ್ಡಮ್ಮನ ಆಶೀರ್ವಾದಗಳು. ನಿನ್ನ ಪತ್ರ ಬಂದು ತಲುಪಿತು. ಮೊದಲು ಹಣದ ವಿಷಯ ಹೇಳಿಬಿಡುತ್ತೇನೆ, ಮಿಕ್ಕದ್ದು ಆಮೇಲೆ. ಒಂದು ತಿಂಗಳ ಸಂಬಳವನ್ನು ಬೀಜದ ಕಾಣಿಕೆಯಾಗಿ ಕೊಟ್ಟರೆ ದೇವರ ವಿಶೇಷ ದಯೆ ನಿನ್ನ ಮೇಲೆ ಇಳಿದು ಜರ್ಮನಿಗೆ ಹೋಗುವ ದಾರಿ ತೆರೆಯುತ್ತದೆ ಎಂದು ಪ್ರಾರ್ಥನಾ ಕೂಟದ ಬೋಧಕರು ಹೇಳಿದರೆಂದು ಬರೆದಿದ್ದೀಯ. ಕೊಡಬೇಡ. ಕಾಣಿಕೆ ಕೊಡುವುದು ಒಳ್ಳೆಯದೇ, ದಶಮಾಂಶ ತೆಗೆದಿಡುವುದನ್ನು ನಿನ್ನ ಅಜ್ಜಿ ನಮಗೆಲ್ಲ ಚಿಕ್ಕಂದಿನಲ್ಲೇ ಕಲಿಸಿದರು. ಆದರೆ ಕೆಲಸವಾಗಲಿ ಎಂದು ಮುಂಗಡವಾಗಿ ಕೊಡುವ ಹಣಕ್ಕೆ ಊರಿನಲ್ಲಿ ಯಾವ ಹೆಸರಿದೆಯೋ ದೇವರ ಸನ್ನಿಧಿಯಲ್ಲಿಯೂ ಅದೇ ಹೆಸರು. ಬೈಬಲ್ಲಿನ ಧರ್ಮೋಪದೇಶಕಾಂಡದ ಹತ್ತನೆಯ ಅಧ್ಯಾಯ ತೆರೆದು ನೋಡು. ನಿಮ್ಮ ದೇವರು ಯಾರ ಮುಖದಾಕ್ಷಿಣ್ಯಕ್ಕೂ ಒಳಗಾಗುವವನಲ್ಲ, ಲಂಚ ತೆಗೆದುಕೊಳ್ಳುವವನಲ್ಲ ಎಂದು ಮೋಶೆ ಎಷ್ಟು ಬಿಡಿಸಿ ಹೇಳಿದ್ದಾನೆ! ಆ ಹಣವನ್ನು ಮುಂದಿನ ಭಾಷಾ ಪರೀಕ್ಷೆಯ ಶುಲ್ಕಕ್ಕೆ ಕಟ್ಟು. ಸಾಲದೆ ಬಂದರೆ ನನಗೆ ತಿಳಿಸು.

ಇನ್ನು ನಿನ್ನ ನಿಜವಾದ ನೋವಿಗೆ ಬರುತ್ತೇನೆ. ನಿನ್ನ ಜೊತೆಗೇ ಓದಿ, ಅದೇ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದ ಹುಡುಗಿ ಒಂದೇ ಸಲಕ್ಕೆ ಪರೀಕ್ಷೆ ಪಾಸಾಗಿ, ವೀಸಾ ಪಡೆದು, ಕೂಟದಲ್ಲಿ ನಿಂತು ಸಾಕ್ಷಿ ಹೇಳಿದಳು, "ದೇವರು ನನ್ನನ್ನು ಎಲ್ಲರಿಂದ ಬೇರೆಯಾಗಿ ನೋಡಿದನು" ಎಂದಳು. ನೀನು ಹಿಂದಿನ ಸಾಲಿನಲ್ಲಿ ಕುಳಿತು, ಹಾಗಾದರೆ ನನ್ನನ್ನು ಹೇಗೆ ನೋಡಿದ್ದಾನೆ ಎಂದು ಕೇಳಿಕೊಂಡೆ. ದೇವರಿಗೆ ಮುದ್ದಿನ ಮಕ್ಕಳೂ ಬೇಡದ ಮಕ್ಕಳೂ ಇದ್ದಾರೆಯೇ, ಪಕ್ಷಪಾತವಿಲ್ಲ ಎನ್ನುವ ಅದೇ ಬೈಬಲ್ಲಿನಲ್ಲಿ ಅಬ್ರಹಾಮನನ್ನು ಏಕೆ ಆರಿಸಿಕೊಂಡನು, ಅವಳಿ ಅಣ್ಣತಮ್ಮಂದಿರಲ್ಲಿ ಯಾಕೋಬನನ್ನು ಪ್ರೀತಿಸಿ ಏಸಾವನನ್ನು ದ್ವೇಷಿಸಿದೆನೆಂದು ಏಕೆ ಬರೆದಿದೆ ಎಂದು ಕೇಳಿದ್ದೀಯ. ಇದು ತಲೆಹರಟೆಯ ಪ್ರಶ್ನೆಯಲ್ಲ. ಅಗಸ್ಟೀನನಿಂದ ಕ್ಯಾಲ್ವಿನನವರೆಗೆ ದೊಡ್ಡ ದೊಡ್ಡ ದೇವಶಾಸ್ತ್ರ ಪಂಡಿತರು ಇದರೊಡನೆ ಗುದ್ದಾಡಿದ್ದಾರೆ. 1618ರಲ್ಲಿ ಹಾಲೆಂಡಿನ ಡಾರ್ಟ್ ಪಟ್ಟಣದಲ್ಲಿ ಸೇರಿದ ಸಭೆ ತಿಂಗಳುಗಟ್ಟಲೆ ಇದನ್ನೇ ಚರ್ಚಿಸಿತು. ಆ ವಾದಗಳನ್ನೆಲ್ಲ ನಿನ್ನ ಮುಂದೆ ಹರಡುವುದಿಲ್ಲ. ಇಷ್ಟು ವರ್ಷ ಬೈಬಲ್ ಓದಿ ನನಗೆ ಯಾವುದು ನಿಜವೆಂದು ಕಂಡಿದೆಯೋ ಅದನ್ನು ಬರೆಯುತ್ತೇನೆ.

ದೇವರು ಆರಿಸಿಕೊಳ್ಳುತ್ತಾನೆ. ಅದನ್ನು ಇಲ್ಲವೆನ್ನಲಾಗದು. ಆದರೆ ಆರಿಸಿಕೊಂಡವರನ್ನು ಸುಖವಾಗಿಡುವುದಕ್ಕೆಂದು ಆತನು ಯಾರನ್ನೂ ಆರಿಸಿಕೊಂಡದ್ದು ನನಗೆ ಎಲ್ಲಿಯೂ ಕಾಣಲಿಲ್ಲ. ಅಬ್ರಹಾಮನನ್ನು ಕರೆದ ಮಾತಿನಲ್ಲೇ, ನಿನ್ನ ಮೂಲಕ ಭೂಮಿಯ ಎಲ್ಲ ಕುಲದವರಿಗೂ ಆಶೀರ್ವಾದವಾಗುವುದು ಎಂದಿದೆ. ಅಂಚೆಯವನ ಚೀಲದಲ್ಲಿ ಎಷ್ಟು ಪತ್ರಗಳು ತುಂಬಿದ್ದರೂ ಅವು ಅವನ ಮನೆಗೆ ಬಂದವಲ್ಲ. ಇಸ್ರಾಯೇಲ್ಯರು ಇದನ್ನು ಮರೆತಾಗ ಪ್ರವಾದಿಗಳು ಸುಮ್ಮನಿರಲಿಲ್ಲ. ಭೂಮಿಯ ಎಲ್ಲ ಕುಲಗಳಲ್ಲಿ ನಿಮ್ಮನ್ನು ಮಾತ್ರ ನನ್ನವರೆಂದು ಬಲ್ಲೆನು, ಆದಕಾರಣ ನಿಮ್ಮ ಅಪರಾಧಗಳಿಗೆಲ್ಲ ನಿಮ್ಮನ್ನು ದಂಡಿಸುವೆನು ಎಂದು ಆಮೋಸನ ಬಾಯಿಂದ ದೇವರು ಹೇಳಿಸುತ್ತಾನೆ. ಆ "ಆದಕಾರಣ"ವನ್ನು ಗಮನಿಸು. ನಮ್ಮ ಕೂಟಗಳಲ್ಲಿ ಆ ಜಾಗದಲ್ಲಿ ಮನೆ, ಕಾರು, ವೀಸಾ ಬಂದು ಕೂತಿವೆ. ಅದೇ ಆಮೋಸನ ಕೊನೆಯ ಅಧ್ಯಾಯದಲ್ಲಿ ಇನ್ನೂ ಖಾರವಾದ ಮಾತಿದೆ. ಐಗುಪ್ತದಿಂದ ನಿಮ್ಮನ್ನು ಬಿಡಿಸಿ ತಂದವನು ನಾನೇ, ಕಫ್ತೋರಿನಿಂದ ಫಿಲಿಷ್ಟಿಯರನ್ನೂ ಕೀರಿನಿಂದ ಅರಾಮ್ಯರನ್ನೂ ತಂದವನು ನಾನೇ, ನನಗೆ ನೀವೂ ದೂರದ ಆಫ್ರಿಕದ ಕೂಷ್ಯರೂ ಒಂದೇ ಅಲ್ಲವೇ ಎನ್ನುತ್ತಾನೆ. ಫಿಲಿಷ್ಟಿಯರೆಂದರೆ ಬದ್ಧ ವೈರಿಗಳು. ಅವರ ನಡಿಗೆಯನ್ನೂ ದೇವರೇ ನಡೆಸಿದ್ದಾನೆ! ಈ ವಚನದ ಮೇಲೆ ಪ್ರಸಂಗ ಮಾಡುವವರು ಅಪರೂಪ.

ಏಸಾವನ ವಿಷಯಕ್ಕೆ ಬಾ. ಅವನನ್ನು ದ್ವೇಷಿಸಿದೆನೆಂಬ ಪ್ರವಾದಿ ಮಲಾಕಿಯನ ಆ ಗಡುಸು ಮಾತನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಒಂಬತ್ತನೆಯ ಅಧ್ಯಾಯದಲ್ಲಿ ಎತ್ತಿಕೊಳ್ಳುತ್ತಾನೆ. ಜನರು ಅಲ್ಲಿಗೇ ನಿಲ್ಲಿಸುತ್ತಾರೆ. ಪೌಲನು ಅಲ್ಲಿ ನಿಲ್ಲಿಸಲಿಲ್ಲ, ಹನ್ನೊಂದನೆಯ ಅಧ್ಯಾಯದ ಕೊನೆಗೆ ಬಂದು, ಎಲ್ಲರಿಗೂ ಕರುಣೆ ತೋರಿಸಬೇಕೆಂದೇ ದೇವರು ಎಲ್ಲರನ್ನೂ ಅವಿಧೇಯತೆಯಲ್ಲಿ ಮುಚ್ಚಿಹಾಕಿದ್ದಾನೆ ಎಂದನು. ಆರಂಭ ಓದಿ ಅಂತ್ಯ ಬಿಟ್ಟವರು ಪೌಲನಿಗೆ ಅನ್ಯಾಯ ಮಾಡುತ್ತಾರೆ. ಅದಕ್ಕಿಂತ ಹೆಚ್ಚಾಗಿ ಆದಿಕಾಂಡದ ಕಥೆಯನ್ನೇ ನಿಧಾನವಾಗಿ ಓದು. ಆರಿಸಲ್ಪಟ್ಟ ಯಾಕೋಬನು ಇಪ್ಪತ್ತು ವರ್ಷ ಸೋದರಮಾವನ ಮನೆಯಲ್ಲಿ ದುಡಿದನು. ಹಗಲು ಬಿಸಿಲು, ರಾತ್ರಿ ಚಳಿ, ಕಣ್ಣಿಗೆ ನಿದ್ರೆಯಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಾನೆ. ದೇವದೂತನೊಡನೆ ಹೋರಾಡಿ ಕುಂಟನಾದನು. ಮಕ್ಕಳು ರಕ್ತದಲ್ಲಿ ಅದ್ದಿ ತಂದ ಅಂಗಿಯನ್ನು ಕೈಯಲ್ಲಿ ಹಿಡಿದು, ಮಗ ಯೋಸೇಫ ಸತ್ತನೆಂದು ವರ್ಷಗಟ್ಟಲೆ ಅತ್ತನು. ಐಗುಪ್ತದ ಅರಸ ಫರೋಹನ ಎದುರು ನಿಂತಾಗ ಅವನಿಗೆ ನೂರ ಮೂವತ್ತು ವರ್ಷ. ನನ್ನ ಆಯುಷ್ಯದ ದಿನಗಳು ಸ್ವಲ್ಪವೇ, ದುಃಖದವೇ ಎಂದನು. ಆರಿಸಲ್ಪಡದ ಏಸಾವನೋ? ಬೇಕಾದಷ್ಟಿದೆ, ನಿನ್ನದು ನಿನಗೇ ಇರಲಿ ಎನ್ನುವಷ್ಟು ತೃಪ್ತನಾಗಿದ್ದನು. ಆಶೀರ್ವಾದ ಕದ್ದ ತಮ್ಮನು ಹೆದರಿ ಏಳು ಸಲ ನೆಲಕ್ಕೆ ಬಾಗುತ್ತಾ ಬಂದಾಗ, ಈ ಅಣ್ಣ ಓಡಿ ಬಂದು ಕೊರಳನ್ನು ಅಪ್ಪಿಕೊಂಡು ಮುದ್ದಿಟ್ಟನು, ಇಬ್ಬರೂ ಅತ್ತರು. ಆಗ ಯಾಕೋಬನು ಅಂದ ಮಾತು: ನಿನ್ನ ಮುಖ ನೋಡಿದ್ದು ದೇವರ ಮುಖ ನೋಡಿದಂತಾಯಿತು. ಆರಿಸಲ್ಪಟ್ಟವನು ದೇವರ ಮುಖವನ್ನು ಕಂಡದ್ದು ಬಿಟ್ಟುಹೋದವನೆಂದು ಎಣಿಸಲಾದವನ ಮುಖದಲ್ಲಿ. ಈ ಸಾಲನ್ನು ಓದಿದಾಗಲೆಲ್ಲ ನನ್ನ ಕಣ್ಣು ತೇವವಾಗುತ್ತದೆ.

ವಿಶೇಷ ದಯೆ ಎಂದರೆ ಏನೆಂದು ತಿಳಿಯಬೇಕಾದರೆ ಯೇಸುವಿನ ತಾಯಿ ಮರಿಯಳನ್ನು ನೋಡು. ನಾವು ಪ್ರೊಟೆಸ್ಟೆಂಟರು ಆಕೆಯ ಹೆಸರನ್ನು ಕ್ರಿಸ್ಮಸ್‌ಗೆ ಮಾತ್ರ ತೆಗೆದುಕೊಳ್ಳುತ್ತೇವೆ, ಅದು ನಮಗೇ ನಷ್ಟ. ದೇವರ ದಯೆ ಹೊಂದಿದವಳೇ ಎಂದು ದೂತನು ಒಳಗೆ ಬಂದು ಕರೆದ ಹೆಣ್ಣು ಆಕೆ. ಮಗು ಹುಟ್ಟಿದ ಮೇಲೆ ಯೆರೂಸಲೇಮಿನ ದೇವಾಲಯಕ್ಕೆ ಶುದ್ಧಿಯ ಕಾಣಿಕೆ ತಂದಳು. ಯಾಜಕಕಾಂಡದ ನಿಯಮದಂತೆ ಬಾಣಂತಿಯು ಒಂದು ಕುರಿಮರಿಯನ್ನೂ ಒಂದು ಹಕ್ಕಿಯನ್ನೂ ತರಬೇಕು; ಕುರಿ ತರುವ ಶಕ್ತಿಯಿಲ್ಲದಿದ್ದರೆ ಎರಡು ಬೆಳವಕ್ಕಿಗಳೋ ಎರಡು ಪಾರಿವಾಳದ ಮರಿಗಳೋ ಸಾಕು. ಲೂಕನು ಮರಿಯಳ ಕಾಣಿಕೆಯಾಗಿ ಹೇಳುವುದು ಆ ಜೋಡಿ ಹಕ್ಕಿಗಳನ್ನು. ಲೋಕದಲ್ಲಿ ಎಲ್ಲರಿಗಿಂತ ಹೆಚ್ಚಾಗಿ ದಯೆ ಹೊಂದಿದವಳ ಕೈಯಲ್ಲಿ ಒಂದು ಕುರಿಗೆ ಹಣವಿರಲಿಲ್ಲ, ಮಗಳೇ. ಅದೇ ಅಂಗಳದಲ್ಲಿ ಮುದುಕ ಸಿಮೆಯೋನನು, ನಿನ್ನ ಪ್ರಾಣಕ್ಕೂ ಅಲಗು ನಾಟಿದಂತಾಗುವುದು ಎಂದು ಹೇಳಿದನು. ಆಮೇಲೆ ಕೂಸನ್ನು ಎತ್ತಿಕೊಂಡು ರಾತ್ರೋರಾತ್ರಿ ಐಗುಪ್ತಕ್ಕೆ ಓಡಿದ್ದು, ಕೊನೆಗೆ ಶಿಲುಬೆಯ ಬಳಿ ನಿಂತದ್ದು ನಿನಗೆ ಗೊತ್ತೇ ಇದೆ. ನಿಮ್ಮ ಕೂಟದ ಬೋಧಕರು ಆ ದಿನ ದೇವಾಲಯದ ಅಂಗಳದಲ್ಲಿ ಇದ್ದಿದ್ದರೆ ದೇವರ ದಯೆಯನ್ನು ಯಾರ ಮೇಲೆ ಹುಡುಕುತ್ತಿದ್ದರು? ಕುರಿ ಹಿಡಿದು ನಿಂತವರ ಮೇಲೆ ಎಂದು ನನ್ನ ಭಯ.

ನಿನ್ನ ಸ್ನೇಹಿತೆಯ ಮೇಲೆ ಮನಸ್ಸು ಕಹಿ ಮಾಡಿಕೊಳ್ಳಬೇಡ. ಆಕೆಗೆ ಕೆಲಸ ಸಿಕ್ಕಿದ್ದು ದೇವರ ಕೊಡುಗೆಯೆಂದು ಕೃತಜ್ಞತೆ ಸಲ್ಲಿಸಿದರೆ ಅದು ಸರಿಯೇ. ಎಲ್ಲ ಒಳ್ಳೆಯ ದಾನವೂ ಮೇಲಿನಿಂದಲೇ ಬರುತ್ತದೆ. ಆದರೆ ಸಿಗದವರನ್ನು ದೇವರು ನೋಡಲಿಲ್ಲ ಎಂಬ ತೀರ್ಪು ಯಾರ ಬಾಯಿಂದಲೂ ಬರಬಾರದು, ನಿನ್ನ ಬಾಯಿಂದಲಂತೂ ಬರಲೇಬಾರದು. ಸಿಲೊವಾಮಿನ ಬುರುಜು ಬಿದ್ದು ಹದಿನೆಂಟು ಜನ ಸತ್ತಾಗ, ಅವರು ಯೆರೂಸಲೇಮಿನ ಎಲ್ಲರಿಗಿಂತ ಪಾಪಿಗಳೆಂದು ನೆನಸುತ್ತೀರೋ, ಹಾಗಲ್ಲ ಎಂದು ಯೇಸು ಅಡ್ಡಿಪಡಿಸಿದನು. ಬಿದ್ದ ಗೋಡೆಯಿಂದ ಕೋಪವನ್ನು ಅಳೆಯಬಾರದಾದರೆ, ಸಿಕ್ಕಿದ ವೀಸಾದಿಂದ ಪ್ರೀತಿಯನ್ನು ಅಳೆಯುವುದು ಹೇಗೆ? ಪರೀಕ್ಷೆಯಲ್ಲಿ ನಿನಗೆ ಕೈಕೊಟ್ಟದ್ದು ಆಲಿಸಿ ಬರೆಯುವ ಭಾಗ ಎಂದು ನೀನೇ ಬರೆದಿದ್ದೀಯ. ಹನ್ನೆರಡು ಗಂಟೆ ಪಾಳಿ ಮುಗಿಸಿ ತೂಕಡಿಸುತ್ತಾ ಓದಿದರೆ ಅದು ಹಾಗೆಯೇ ಆಗುತ್ತದೆ. ಅದಕ್ಕೆ ಬೇಕಾದದ್ದು ಸ್ವಲ್ಪ ರಜೆ, ಒಳ್ಳೆಯ ಶಿಕ್ಷಕರು.

ಪಕ್ಷಪಾತವಿಲ್ಲ ಎಂದರೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚುವುದು ಎಂದು ನೀನು ತಿಳಿದಂತಿದೆ. ಧರ್ಮೋಪದೇಶಕಾಂಡದ ಆ ವಚನದ ಮುಂದಿನ ವಚನವನ್ನೂ ಓದು. ಲಂಚ ತೆಗೆದುಕೊಳ್ಳದ ದೇವರು ಮರುಮಾತಿನಲ್ಲೇ ತಬ್ಬಲಿಯ ಮತ್ತು ವಿಧವೆಯ ನ್ಯಾಯ ತೀರಿಸುತ್ತಾನೆ, ಪರದೇಶಿಯನ್ನು ಪ್ರೀತಿಸಿ ಅನ್ನ ವಸ್ತ್ರ ಕೊಡುತ್ತಾನೆ. ಇದು ಪಕ್ಷ ವಹಿಸಿದ ಹಾಗಲ್ಲವೇ ಎಂದು ನನಗೂ ಮೊದಲು ಅನಿಸಿತ್ತು. ಆ ಕಾಲದಲ್ಲಿ ನ್ಯಾಯ ನಡೆಯುತ್ತಿದ್ದದ್ದು ಊರಬಾಗಿಲಲ್ಲಿ, ಹಿರಿಯರ ಎದುರು. ಹೊಲಮನೆ ಇದ್ದವನ ಪರವಾಗಿ ನೆಂಟರು, ಗೆಳೆಯರು, ಸಾಲಗಾರರು ಎಲ್ಲರೂ ನಿಲ್ಲುತ್ತಿದ್ದರು. ವಿಧವೆಯ ಪರವಾಗಿ ಯಾರೂ ಇಲ್ಲ. ಅಂಥಲ್ಲಿ ಯಾರ ಮುಖವನ್ನೂ ನೋಡದ ನ್ಯಾಯಾಧಿಪತಿ ಬಂದು ಕುಳಿತರೆ ಗೆಲ್ಲುವವಳು ವಿಧವೆಯೇ. ಬಡವನೆಂದು ಅವನ ಕಡೆಗೆ ವಾಲಬಾರದು, ದೊಡ್ಡವನೆಂದು ಮರ್ಯಾದೆ ತೋರಿಸಲೂಬಾರದು ಎಂದು ಯಾಜಕಕಾಂಡ ಸ್ಪಷ್ಟವಾಗಿಯೇ ಹೇಳುತ್ತದೆ. ದೇವರು ಬಡವರ ಪಕ್ಕದಲ್ಲಿ ಕಾಣಿಸಿಕೊಳ್ಳುವುದಕ್ಕೆ ಕಾರಣ, ನಾವೆಲ್ಲ ಈಗಾಗಲೇ ಇನ್ನೊಂದು ಪಕ್ಕಕ್ಕೆ ಹೋಗಿ ನಿಂತಿರುವುದು.

ಇದನ್ನು ಕಲಿಯುವುದಕ್ಕೆ ಪೇತ್ರನಿಗೇ ಎಷ್ಟು ಹೊತ್ತು ಹಿಡಿಯಿತು! ಮೂರು ವರ್ಷ ಯೇಸುವಿನ ಜೊತೆ ತಿರುಗಿದವನು, ಪವಿತ್ರಾತ್ಮನು ಇಳಿದು ಬಂದ ಪಂಚಾಶತ್ತಮ ದಿನದಲ್ಲಿ ಪ್ರಸಂಗ ಮಾಡಿದವನು ಅವನು. ಯೊಪ್ಪದಲ್ಲಿ ಚರ್ಮ ಹದ ಮಾಡುವ ಸೀಮೋನನ ಮನೆಯ ಮಾಳಿಗೆಯ ಮೇಲೆ ಮಧ್ಯಾಹ್ನ ಹಸಿದು ಪ್ರಾರ್ಥಿಸುತ್ತಿದ್ದಾಗ, ದೊಡ್ಡ ಜೋಳಿಗೆಯಂತಹ ಬಟ್ಟೆಯಲ್ಲಿ ಯೆಹೂದ್ಯರು ಅಶುದ್ಧವೆಂದು ತಿನ್ನದವೂ ಸೇರಿ ಎಲ್ಲ ಬಗೆಯ ಪ್ರಾಣಿಗಳು ಇಳಿದು ಬಂದವು. ಕೊಯ್ದು ತಿನ್ನು ಎಂಬ ಮಾತಿಗೆ, ಆಗದು ಕರ್ತನೇ ಎಂದನು. ಮೂರು ಸಲ ಹಾಗಾಯಿತು. ಕೆಳಗೆ ಬಾಗಿಲಲ್ಲಿ ರೋಮ್ ಸೈನ್ಯದ ಶತಾಧಿಪತಿ ಕೊರ್ನೇಲ್ಯನ ಆಳುಗಳು ನಿಂತಿದ್ದರು. ಅವರನ್ನು ಒಳಕ್ಕೆ ಕರೆದು ರಾತ್ರಿ ಉಳಿಸಿಕೊಂಡು, ಮರುದಿನ ಕೈಸರೈಯಕ್ಕೆ ಹೊರಟನು. ಕೊರ್ನೇಲ್ಯನು ಕಾಲಿಗೆ ಬಿದ್ದಾಗ, ಏಳು, ನಾನೂ ಮನುಷ್ಯನೇ ಎಂದು ಎತ್ತಿದನು. ದೇವರು ಪಕ್ಷಪಾತಿಯಲ್ಲ ಎಂಬುದು ಈಗ ನನಗೆ ತಿಳಿಯಿತು ಎಂಬ ಮಾತು ಅವನ ಬಾಯಿಂದ ಬಂದದ್ದು ಆ ಮನೆಯೊಳಗೆ, ಯೆಹೂದ್ಯರು ತುಳಿಯದ ಹೊಸ್ತಿಲು ದಾಟಿದ ಮೇಲೆ. ಅಷ್ಟಾದರೂ ಮುಂದೆ ಅಂತಿಯೋಕ್ಯದಲ್ಲಿ ಯೆರೂಸಲೇಮಿನಿಂದ ಕೆಲವರು ಬಂದ ಕೂಡಲೇ ಯೆಹೂದ್ಯರಲ್ಲದ ಅನ್ಯಜನರ ಪಂಕ್ತಿಯಿಂದ ಎದ್ದು ದೂರ ಸರಿದನು. ಪೌಲನು ಎಲ್ಲರೆದುರಿಗೆ ಅವನನ್ನು ತರಾಟೆಗೆ ತೆಗೆದುಕೊಂಡನು. ಊಟದ ಪಂಕ್ತಿಯ ವಿಷಯಕ್ಕೆ ಪೌಲನು ಅಷ್ಟು ಸಿಟ್ಟಾದದ್ದು ಏಕೆಂದು ನಮ್ಮ ದೇಶದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದ ಕ್ರೈಸ್ತ ಸಭೆಗಳು ಇಲ್ಲೇ ಎಡವಿವೆ. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ ಸಭೆಗಳಲ್ಲಿ ಜಾತಿಭೇದ ಕೂಡದೆಂದು ಅಪ್ಪಣೆ ಕೊಟ್ಟಾಗ, ತಂಜಾವೂರಿನಲ್ಲಿಯೂ ಮದರಾಸಿನ ವೇಪೇರಿಯಲ್ಲಿಯೂ ಎಷ್ಟೋ ಜನ ಸಭೆಯನ್ನೇ ಬಿಟ್ಟುಹೋದರು. ಮರುವರ್ಷ, 1834ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಸಭೆಯೊಳಗೆ ಜಾತಿಗೆ ಜಾಗವಿಲ್ಲ ಎಂದು ಅವರು ಮೊದಲಿನಿಂದಲೂ ಪಟ್ಟು ಹಿಡಿದರು. ದೀಕ್ಷಾಸ್ನಾನ ಪಡೆದವರು ಮನೆ, ಕಸುಬು ಎರಡನ್ನೂ ಕಳೆದುಕೊಂಡಾಗ ನೇಯ್ಗೆಯ ಮಗ್ಗಗಳನ್ನು ಹಾಕಿಸಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಬಾಸೆಲಿಗೆ ಹೋಗಿ ಓದಿ ಬಂದು, ಕೊಡಗಿನಲ್ಲಿ ಹೊಲೆಯರ ನಡುವೆ ಕೆಲಸ ಮಾಡಿದರು. ಅಲ್ಲಿನ ಆನಂದಪುರ ಅವರ ಹೆಸರಿನದು. ದೇವರ ದಯೆ ಹೊಂದಿದವರ ಬದುಕು ಹೇಗಿರುತ್ತದೆಂದು ತೋರಿಸಲು ನನಗೆ ಆ ಒಬ್ಬರು ಸಾಕು.

ಆದ್ದರಿಂದಲೇ ನಿನ್ನ ಪತ್ರದ ಕೊನೆಯಲ್ಲಿ ಸಣ್ಣದಾಗಿ ಬರೆದ ವಿಷಯ ನನ್ನನ್ನು ಹೆಚ್ಚು ಕಾಡಿತು. ಹುಬ್ಬಳ್ಳಿಯ ಆ ಹುಡುಗನ ಸಂಬಂಧ ಬಂದಿದೆ, ನಿನಗೂ ಮನಸ್ಸಿದೆ, ಆದರೆ ಅಪ್ಪ "ಅವರ ಮೂಲ ಯಾವುದು ವಿಚಾರಿಸಬೇಕು" ಎನ್ನುತ್ತಿದ್ದಾರೆ ಎಂದಿದ್ದೀಯ. ಚಿನ್ನದ ಉಂಗುರ ಹಾಕಿದವನಿಗೆ ಕುರ್ಚಿ, ಕೊಳಕು ಬಟ್ಟೆಯವನಿಗೆ ಕಾಲ್ಮಣೆಯ ಬಳಿ ನೆಲ ಎಂದು ಹೊಸ ಒಡಂಬಡಿಕೆಯ ಯಾಕೋಬನ (ಏಸಾವನ ತಮ್ಮನಲ್ಲ, ಬೇರೆ ಯಾಕೋಬ) ಪತ್ರಿಕೆ ಖಂಡಿಸುವುದನ್ನು ನಿನ್ನ ಅಪ್ಪ ಭಾನುವಾರ ಶಾಲೆಯಲ್ಲಿ ನಮಗಿಂತ ಚೆನ್ನಾಗಿ ಬಾಯಿಪಾಠ ಒಪ್ಪಿಸಿದವರು. ಹುಡುಗನ ನಡತೆ, ಆರೋಗ್ಯ, ದುಡಿಮೆ, ತಾಯಿಯನ್ನು ನೋಡಿಕೊಳ್ಳುವ ರೀತಿ, ಇವನ್ನೆಲ್ಲ ವಿಚಾರಿಸೋಣ, ವಿಚಾರಿಸಲೇಬೇಕು. ಮೂರು ತಲೆಮಾರಿನ ಹಿಂದೆ ಅವನ ಮನೆಯವರು ಯಾವ ಕೇರಿಯಲ್ಲಿದ್ದರು ಎಂಬುದನ್ನು ಈ ಮನೆಯಲ್ಲಿ ಯಾರೂ ಕೇಳಬಾರದು. ನೀನು ಈ ಮಾತನ್ನು ಅಪ್ಪನೊಡನೆ ಎತ್ತಿ ಜಗಳವಾಡಬೇಡ. ಬರುವ ಶನಿವಾರ ನಾನೇ ಬಂದು ಅವರ ಹತ್ತಿರ ಮಾತನಾಡುತ್ತೇನೆ. ಹುಡುಗನ ಸಭಾಪಾಲಕರ ಫೋನ್ ನಂಬರ್ ಕಳುಹಿಸಿಕೊಡು.

ಇಂತು ನಿನ್ನ,
ದೊಡ್ಡಮ್ಮ