18 ನಿಮಿಷದ ಇಂಟರ್ವಲ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿಮ್ಮೂರಿನ ಸಣ್ಣ ಐಸ್ ಹಾಕಿ ಟೀಮಿನ ಇಂಟರ್ವಲ್ ಕಾರ್ಯಕ್ರಮದ ಹೊಣೆ ನಿನ್ನ ಹೆಗಲಿಗೆ ಬಿತ್ತೆಂದು ಓದಿ ತುಂಬ ಖುಷಿಯಾಯಿತು. ಗಣೇಶನ ಪೆಂಡಾಲಿನಲ್ಲಿ ಮೈಕ್ ಹಿಡಿದರೆ ಬಿಡದವನಿಗೆ ತಕ್ಕ ಜಾಗವೇ ಸಿಕ್ಕಿದೆ. ‘ದುಡ್ಡಿಲ್ಲ, ಐಡಿಯಾ ಕೊಡು’ ಅಂದಿದ್ದೆಯಲ್ಲ, ಉತ್ತರವನ್ನು ಎಲ್ಲರೆದುರೇ ಬರೆಯುತ್ತಿದ್ದೇನೆ. ಅಮೆರಿಕದ ಸಣ್ಣ ಊರುಗಳಲ್ಲಿ ಇಂಥ ಕೆಲಸಕ್ಕೆ ಕೈಹಾಕಿದ ನಮ್ಮವರು ಇನ್ನೂ ಇರಬಹುದು, ಅವರಿಗೂ ಆಗಲಿ.

ಮೊದಲು ಕೆಲಸದ ಗಾತ್ರ ನೋಡು. 20 ನಿಮಿಷದ 3 ಪೀರಿಯಡ್, ನಡುವೆ 2 ಇಂಟರ್ವಲ್. ಇಸಿಎಚ್‌ಎಲ್‌ನಂಥ ಲೀಗ್‌ನಲ್ಲಿ ಒಂದು ಸೀಸನ್‌ಗೆ 72 ಮ್ಯಾಚ್, ಅರ್ಧ ಮನೆಯಂಗಳದಲ್ಲಿ. ಅಂದರೆ 36 ಸಂಜೆ, 72 ಇಂಟರ್ವಲ್. ದುಡ್ಡು ಸುರಿದು ಒಂದು ಸಂಜೆ ಮೆರೆಯಬಹುದು, 72 ಸಲ ಆಗದು. ಅದಕ್ಕೇ ಅಗ್ಗದ, ಮತ್ತೆ ಮತ್ತೆ ಮಾಡಬಲ್ಲ ಐದಾರು ಆಟ ಸಾಕು. ಆದರೆ ಅವು ಗಟ್ಟಿಯಾಗಿ ಕೈಹತ್ತಿರಬೇಕು.

18 ನಿಮಿಷದ ಇಂಟರ್ವಲ್ ಎಂದರೆ 18 ನಿಮಿಷ ನಿನ್ನದು ಅಂದುಕೊಳ್ಳಬೇಡ. ಅದು ಜಾಂಬೋನಿಯದು, ಅಂದರೆ ಐಸನ್ನು ಹೆರೆದು ನುಣುಪು ಮಾಡುವ ಮೆಷಿನ್ನಿನದು. ರಿಂಕ್‌ಗೆ (ಐಸಿನ ಅಂಗಳಕ್ಕೆ) ಹೋಗಿ ಕೇಳಬೇಕಾದ ಮೊದಲ ಪ್ರಶ್ನೆ: ಮೆಷಿನ್ ಒಂದೋ ಎರಡೋ? ಎರಡಿದ್ದರೆ 200 ಅಡಿ ಉದ್ದ, 85 ಅಡಿ ಅಗಲದ ಐಸನ್ನು ಸುಮಾರು 6 ನಿಮಿಷದಲ್ಲಿ ಮುಗಿಸುತ್ತಾರೆ. ಒಂದೇ ಇದ್ದರೆ 10 ನಿಮಿಷ, ಮೇಲೆ. ಮೆಷಿನ್ ಐಸಿನ ಮೇಲ್ಪದರ ಹೆರೆದು ಬಿಸಿನೀರಿನ ತೆಳುಪದರ ಬಿಟ್ಟುಹೋಗುತ್ತದೆ. ಅದು ಹೆಪ್ಪುಗಟ್ಟಲು ಇನ್ನೆರಡು ಮೂರು ನಿಮಿಷ ಬೇಕು, ಇಲ್ಲವಾದರೆ ಆಟಗಾರರು ಕೆಸರಿಗೆ ಇಳಿದಂತೆ. ಟೀಮುಗಳು ಒಳಗೆ ಹೋಗಲು ಒಂದು ನಿಮಿಷ. ಒಂದು ಮೆಷಿನ್ ಇರುವ ರಿಂಕ್‌ನಲ್ಲಿ ನಿನಗೆ ಉಳಿಯುವುದು ಸಾಮಾನು ಇಟ್ಟು ತೆಗೆಯುವುದೂ ಸೇರಿ 3 ನಿಮಿಷ. 18:00ರಿಂದ ಕೆಳಗೆ ಎಣಿಸುವ ಗಡಿಯಾರ 14:00 ತೋರಿಸುವಾಗ ಐಸಿನ ಮೇಲೆ ನಿನ್ನದೊಂದು ಕಡ್ಡಿಯೂ ಇರಬಾರದು. ಸ್ಟಾಪ್‌ವಾಚ್ ಹಿಡಿದವನು ಒಬ್ಬನೇ ಇರಲಿ, ಅವನು ‘ಸಾಕು’ ಅಂದರೆ ಆಟ ಎಲ್ಲಿದ್ದರೂ ಅಲ್ಲಿಗೇ ಸಾಕು. ಮೆಷಿನ್ ಆ ತುದಿಯಲ್ಲಿ ಶುರುಮಾಡಲಿ, ಈ ತುದಿಯಲ್ಲಿ ಆಟ ಮುಗಿಸುತ್ತೇವೆ ಅನ್ನುವ ಆಸೆ ಬರುತ್ತದೆ. ರಿಂಕ್‌ನವರು ಒಪ್ಪಿದರೂ ನೀನು ಒಪ್ಪಬೇಡ. ಡ್ರೈವರ್‌ಗೆ ಮುಂದೆ ನಿಂತ ಮಗು ಕಾಣುವುದಿಲ್ಲ.

ಎಲ್ಲಕ್ಕಿಂತ ಅಗ್ಗವಾದದ್ದು ಹೆಪ್ಪುಗಟ್ಟಿದ ಟಿ-ಶರ್ಟ್. ಸುಮಾರು 15 ಡಾಲರ್‌ಗೆ ಮುಗಿಯುತ್ತದೆ. ಎಕ್ಸ್‌ಎಲ್ ಸೈಜಿನ 3 ಹತ್ತಿ ಟಿ-ಶರ್ಟ್ ತಗೋ. ನೀರಲ್ಲಿ ಅದ್ದಿ, ಹನಿ ಇಳಿಯುವುದು ನಿಲ್ಲುವ ತನಕ ಹಿಂಡು. ನಾಲ್ಕು ಮಡಿಕೆ ಮಾಡಿ ಸುರುಳಿ ಸುತ್ತು, ಜಿಪ್ ಚೀಲಕ್ಕೆ ಹಾಕಿ ಗಾಳಿ ತೆಗೆದು ರಾತ್ರಿಯಿಡೀ ಫ್ರೀಜರ್‌ನಲ್ಲಿಡು. ಆಟ ಇಷ್ಟೇ: ಮೂವರಲ್ಲಿ ಯಾರು ಮೊದಲು ಬಿಡಿಸಿ ತೊಟ್ಟುಕೊಳ್ಳುತ್ತಾರೆ? ಗುಟ್ಟೆಲ್ಲ ಹಿಂಡುವುದರಲ್ಲಿದೆ. ಕಮ್ಮಿ ಹಿಂಡಿದರೆ ಇಟ್ಟಿಗೆಯಾಗುತ್ತದೆ, 3 ನಿಮಿಷವಲ್ಲ ಅರ್ಧ ಗಂಟೆ ಕೊಟ್ಟರೂ ಬಿಚ್ಚದು. ಜಾಸ್ತಿ ಹಿಂಡಿದರೆ 20 ಸೆಕೆಂಡಿಗೇ ಕಥೆ ಮುಗಿಯುತ್ತದೆ. ಹಿಂದಿನ ದಿನ ಒಂದನ್ನು ಮನೆಯಲ್ಲೇ ಬಿಡಿಸಿ ನೋಡು. ಯಾರೂ ಪೂರ್ತಿ ತೊಡದಿದ್ದರೆ, ಮೊದಲು ಒಂದು ಕೈ ತೋಳಿನೊಳಗೆ ತೂರಿಸಿದವರೇ ಗೆದ್ದರು ಎಂಬ ನಿಯಮವನ್ನು ಮೈಕ್‌ನಲ್ಲಿ ಮೊದಲೇ ಹೇಳಿಬಿಡು. ತೆಳು ಕೈಗವಸು ಕೊಡು. ಬಡಿದು ಒಡೆಯಲು ರಬ್ಬರ್ ಮ್ಯಾಟ್ ಹಾಸು, ಇಲ್ಲದಿದ್ದರೆ ಐಸಿಗೇ ಬಡಿದು ಗುಳಿ ಮಾಡುತ್ತಾರೆ.

ಮ್ಯಾಟ್ ಅಂದಾಗ ನೆನಪಾಯಿತು. ಬೆಚ್ಚಗಿನ ಕೋಣೆಯಿಂದ ತಂದ ಕಾರ್ಪೆಟ್ಟನ್ನು ನೇರ ಐಸಿನ ಮೇಲೆ ಹಾಸಬೇಡ. ಅಡಿಯ ಐಸ್ ತುಸು ಕರಗುತ್ತದೆ, ಮರುಕ್ಷಣ ಹೆಪ್ಪುಗಟ್ಟುತ್ತದೆ, ಕಾರ್ಪೆಟ್ ಅಲ್ಲೇ ಅಂಟಿಕೊಳ್ಳುತ್ತದೆ. ಎಳೆದರೆ ನಾರು ಐಸಿನಲ್ಲೇ ಉಳಿಯುತ್ತದೆ. ಮೆಷಿನ್ ನಿಲ್ಲಿಸುವ ತಣ್ಣನೆಯ ಶೆಡ್ಡಿನಲ್ಲಿ ಹಿಂದಿನ ರಾತ್ರಿಯೇ ಸುತ್ತಿಟ್ಟಿರು.

ಪುಟಾಣಿಗಳ ಆಟಕ್ಕೆ ಒಂದು ಕಾಸೂ ಖರ್ಚಿಲ್ಲ, ಬದಲಿಗೆ ಟಿಕೆಟ್ ಮಾರಾಟ. ಇಲ್ಲಿ 8 ವರ್ಷದೊಳಗಿನವರನ್ನು ಮೈಟ್ಸ್ ಅನ್ನುತ್ತಾರೆ. ಒಂದು ಮಗು ಐಸಿಗಿಳಿದರೆ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಎಲ್ಲರೂ ಸೀಟಿನಲ್ಲಿರುತ್ತಾರೆ. ಉದ್ದಕ್ಕೆ ಆಡಿಸಬೇಡ, ಅಡ್ಡಕ್ಕೆ ಆಡಿಸು: ರಿಂಕ್‌ನ ಒಂದು ಭಾಗದಲ್ಲಿ ಗೋಡೆಯಿಂದ ಗೋಡೆಗೆ, ಪುಟ್ಟ ನೆಟ್ ಇಟ್ಟು. ಚೆಂಡಿನ ಬದಲು ಹೊಡೆಯುವ ರಬ್ಬರ್ ಬಿಲ್ಲೆಯೇ ಪಕ್. ಮಾಮೂಲಿ ಪಕ್ಕಿನ ತೂಕ 6 ಔನ್ಸ್, ಮಕ್ಕಳಿಗೆ 4 ಔನ್ಸಿನ ನೀಲಿ ಪಕ್ ಇದೆ, ಅದನ್ನೇ ಬಳಸು. ಸಮಯ ಸೋರಿಹೋಗುವುದು ಬಾಗಿಲಲ್ಲಿ. ಒಂದೇ ಬಾಗಿಲಿನಿಂದ ಮಕ್ಕಳನ್ನೆಲ್ಲ ಬಿಟ್ಟರೆ ಅಲ್ಲೇ ಒಬ್ಬರ ಮೇಲೊಬ್ಬರು ಬಿದ್ದು ಒಂದೂವರೆ ನಿಮಿಷ ಹೋಯಿತು. ಎರಡು ಬಾಗಿಲು ತೆರೆಸು. ಪ್ರತಿ ಮಗುವಿನ ಹೆಸರನ್ನೂ ಓದಿಸು. ಈಗ ಆ ಪಟ್ಟಿಯಲ್ಲಿ ನಮ್ಮ ಕಡೆಯ ಹೆಸರುಗಳೂ ಬರುತ್ತಿವೆ, ಅನೌನ್ಸರ್‌ಗೆ ಉಚ್ಚಾರ ಬಿಡಿಸಿ ಬರೆದುಕೊಡು. ‘ಶ್ರೀನಿಧಿ’ ಸರಿಯಾಗಿ ಮೊಳಗಿದ ದಿನ ಆ ಮನೆಯವರ ಮುಖ ನೋಡಬೇಕು ನೀನು.

ಇನ್ನು ಹಲಗೆಯ ಆಟ: ನೆಟ್ಟಿನ ಬಾಯಿಗೆ ಹಲಗೆ ಮುಚ್ಚಿ, ಅದರ ಕಿಂಡಿಯೊಳಗೆ ಪಕ್ ಹೊಡೆಸುವುದು. ನೆಟ್ಟಿನ ಬಾಯಿ 6 ಅಡಿ ಅಗಲ, 4 ಅಡಿ ಎತ್ತರ. ಅಂಗಡಿಯಲ್ಲಿ ಸಿಗುವ ಪ್ಲೈವುಡ್ 8 ಅಡಿಗೆ 4 ಅಡಿ, ಹಾಗಾಗಿ ಒಂದೇ ಹಾಳೆ ಸಾಕು. ಸರಿಯಾಗಿ 6 ಅಡಿಗೆ ಕತ್ತರಿಸಿದರೆ ಕಂಬಗಳ ನಡುವೆ ಒಳಗೆ ಬೀಳುತ್ತದೆ, 77 ಇಂಚಿಗೆ ಕತ್ತರಿಸು, ತೂತು ಕೊರೆದು ಪಟ್ಟಿಯಿಂದ ಕಂಬಕ್ಕೆ ಕಟ್ಟು. ಕೆಳಗೆ ಪಕ್ ನುಗ್ಗುವ ಕಿಂಡಿ: ಮಧ್ಯೆ 12 ಇಂಚು, ಎರಡೂ ಪಕ್ಕ ಅದಕ್ಕಿಂತ ದೊಡ್ಡದು. ಕೆಳ ಅಂಚಿಗೆ ಎರಡು ಕೋಟ್ ಎನಾಮೆಲ್ ಬಳಿ, ಇಲ್ಲದಿದ್ದರೆ ನೀರು ಕುಡಿದು ಉಬ್ಬುತ್ತದೆ. ಪೀರಿಯಡ್ ಮುಗಿದಾಗ ಐಸಿನ ಮೇಲೆ ಹೆರೆದ ಪುಡಿ ತುಂಬಿರುತ್ತದೆ, ಹೊಸಬರು ಹೊಡೆದ ಪಕ್ ಅರ್ಧದಲ್ಲೇ ಸೊರಗುತ್ತದೆ. ಮೊದಲು ಎರಡಡಿ ಅಗಲದ ದಾರಿ ಗೋರಿಕೊಡು, ಹೊಡೆಯುವವರ ಕಾಲಡಿ ಮ್ಯಾಟ್ ಹಾಕು.

ನಡುಗೆರೆಯಿಂದ ಗೋಲ್ ಗೆರೆಗೆ 89 ಅಡಿ. ದೊಡ್ಡ ಬಹುಮಾನದ ಸ್ಪರ್ಧೆಗಳಲ್ಲಿ ಅಲ್ಲಿಂದ ಹೊಡೆಸುತ್ತಾರೆ, 3 ಇಂಚಿನ ಪಕ್ಕಿಗಿಂತ ಕೊಂಚವೇ ದೊಡ್ಡ ಕಿಂಡಿಗೆ. ಬಹುಮಾನಕ್ಕೆ ವಿಮೆ ಇರುತ್ತದೆ, ಕಂತು ಕಮ್ಮಿ, ಯಾಕೆಂದರೆ ಯಾರೂ ಗೆಲ್ಲುವುದಿಲ್ಲ. 2011ರಲ್ಲಿ ಮಿನೆಸೋಟದ ಫೇರಿಬೋದಲ್ಲಿ 11 ವರ್ಷದ ಹುಡುಗನೊಬ್ಬ ನಿಜವಾಗಿಯೂ ಹೊಡೆದುಬಿಟ್ಟ, ಬಹುಮಾನ 50,000 ಡಾಲರ್. ಚೀಟಿಯಲ್ಲಿ ಎದ್ದದ್ದು ಅವನ ಅವಳಿ ಸೋದರನ ಹೆಸರು, ಅವನು ಹೊರಗೆ ಹೋಗಿದ್ದ. ಅಪ್ಪನೇ ಮರುದಿನ ನಿಜ ಹೇಳಿದ. ವಿಮೆಯವರು ಬಹುಮಾನ ಕೊಡಲಿಲ್ಲ, ಮಕ್ಕಳ ಹಾಕಿಗೆಂದು 20,000 ಡಾಲರ್ ದಾನ ಕೊಟ್ಟರು. ನೀನು ವಿಮೆ ಮಾಡಿಸಿದರೆ ಹೆಸರು, ದೂರ, ಕಿಂಡಿಯ ಅಳತೆ, ಹೊಡೆತಗಳ ಸಂಖ್ಯೆ, ವಿಡಿಯೊ ಎಲ್ಲವೂ ಕರಾರಿನಂತೆಯೇ ಇರಲಿ. ನನ್ನ ಮಾತು ಕೇಳುವುದಾದರೆ ವಿಮೆಯೇ ಬೇಡ. ನೀಲಿ ಗೆರೆಯಿಂದ 64 ಅಡಿ, ಅಲ್ಲಿಂದ 3 ಹೊಡೆತ, ಬಹುಮಾನ ಒಂದು ಪಿಜ್ಜಾ ಕೂಪನ್. ಜನ ಗೆಲ್ಲಬೇಕು ಕಣೋ.

ಈ ಮಾತಿಗೆ ಬಂದೆನೆಂದರೆ ಬರೆಯಬಾರದೆಂದು ಇಟ್ಟುಕೊಂಡದ್ದೂ ಹೊರಗೆ ಬರುತ್ತಿದೆ. ತಲೆ ತಿರುಗುವ ಓಟ ಅಂತ ಒಂದಿದೆ: ಬ್ಯಾಟಿನ ತುದಿಗೆ ಹಣೆ ಒತ್ತಿ 10 ಸುತ್ತು ತಿರುಗಿ ಐಸಿನ ಮೇಲೆ ಓಡುವುದು. ಖರ್ಚು ಸೊನ್ನೆ, ನಗು ಗ್ಯಾರಂಟಿ. ಮನುಷ್ಯನನ್ನೇ ಟ್ಯೂಬಿನಲ್ಲಿ ಕೂರಿಸಿ ಗಾಳಿಗೊಂಬೆಗಳ ಮೇಲೆ ಎಸೆಯುವ ಬೌಲಿಂಗ್ ಇನ್ನೊಂದು. ಇವಕ್ಕೆ ಜನರನ್ನು ಆರಿಸುವಾಗ ನಾನು ಏನನ್ನು ಹುಡುಕುತ್ತಿದ್ದೆ ಗೊತ್ತೇ? ಯಾರು ಬಿದ್ದರೆ ಚೆನ್ನಾಗಿ ಕಾಣುತ್ತದೆ ಎಂದು. ಸ್ವಲ್ಪ ದಪ್ಪಗಿರುವವರು, ವಯಸ್ಸಾದವರು, ಎರಡು ಬಿಯರ್ ಇಳಿಸಿ ಜೋರಾಗಿ ಕೂಗುತ್ತಿರುವವರು. ಸಹಿ ಹಾಕಿದ ಒಪ್ಪಿಗೆ ಪತ್ರ ಜೇಬಿನಲ್ಲಿದೆ, ಹೆಲ್ಮೆಟ್ ಹಾಕಿಸಿದ್ದೇನೆ, ಇನ್ನೇನು ಅನ್ನುವ ಧೈರ್ಯ. ಇತ್ತೀಚೆಗೆ ಅದು ಗಂಟಲಲ್ಲಿ ಸಿಕ್ಕಿಕೊಂಡಿದೆ. ಖರ್ಚು ಸೊನ್ನೆ ಎಂದು ನಾವು ಬರೆದುಕೊಳ್ಳುತ್ತೇವಲ್ಲ, ಆ ಖರ್ಚನ್ನು ಬಿದ್ದವರು ಕೊಟ್ಟಿರುತ್ತಾರೆ. ಮಗನ ಹುಟ್ಟುಹಬ್ಬಕ್ಕೆ ಟಿಕೆಟ್ ಕೊಂಡು ಬಂದ ಅಪ್ಪ, ಅವನ ಮಗನ ಎದುರಿಗೇ ದೊಡ್ಡ ಪರದೆಯಲ್ಲಿ ಏಳಲಾರದೆ ಒದ್ದಾಡುವುದು. ಅವನೂ ನಗುತ್ತಾನೆ, ನಿಜ. ನಗದೆ ಬೇರೆ ದಾರಿ ಎಲ್ಲಿದೆ ಅವನಿಗೆ?

ಅಂದಿನಿಂದ ಪ್ರತಿ ಆಟಕ್ಕೂ ಒಂದೇ ಪ್ರಶ್ನೆ ಹಾಕಿ ನೋಡುತ್ತೇನೆ: ಜನ ಯಾವುದನ್ನು ನೋಡಿ ನಗುತ್ತಾರೆ? ಟಿ-ಶರ್ಟಿನಲ್ಲಿ ನಗು ಬಟ್ಟೆಯ ಮೇಲೆ. ಪುಟಾಣಿಗಳ ಆಟದಲ್ಲಿ ಬಿದ್ದ ಮಗು ತಾನೇ ಎದ್ದು ಓಡುತ್ತದೆ, ಚಪ್ಪಾಳೆ ಅದಕ್ಕೆ. ತಲೆ ತಿರುಗುವ ಓಟವನ್ನು ನಿನ್ನ ಪಟ್ಟಿಯಿಂದ ಹೊಡೆದುಹಾಕು ಎಂದು ಕೈಮುಗಿದು ಕೇಳುತ್ತೇನೆ.

ಗೊಂಬೆ ಎಸೆತ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಇಂಟರ್ವಲ್ಲಿನದಲ್ಲ, ನಮ್ಮ ಟೀಮಿನ ಮೊದಲ ಗೋಲಿಗೆ ಎಲ್ಲರೂ ತಂದ ಟೆಡ್ಡಿ ಗೊಂಬೆಗಳನ್ನು ಐಸಿಗೆ ಎಸೆಯುವುದು, ಆಮೇಲೆ ಮಕ್ಕಳಿಗೆ ಹಂಚುವುದು. ಕೆನಡಾದ ಕ್ಯಾಮ್‌ಲೂಪ್ಸ್‌ನಲ್ಲಿ 1993ರಲ್ಲಿ ಶುರುವಾದದ್ದು. 2025ರ ಜನವರಿಯಲ್ಲಿ ಪೆನ್ಸಿಲ್ವೇನಿಯದ ಹರ್ಷಿ ಬೇರ್ಸ್ ಟೀಮಿನ ಮೈದಾನದಲ್ಲಿ 1,02,343 ಗೊಂಬೆ ಬಿದ್ದವು. ವರ್ಷಕ್ಕೊಮ್ಮೆ ಮಾಡು. ಹೊಸ ಗೊಂಬೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತರಲಿ ಎಂದು ಎರಡು ವಾರ ಮೊದಲೇ ಹೇಳಿಸು. ಚೀಲವಿಲ್ಲದಿದ್ದರೆ ಗೊಂಬೆ ಒದ್ದೆ, ಐಸಿನ ತುಂಬ ಹತ್ತಿ. ನಮ್ಮವರು ಗೋಲೇ ಹೊಡೆಯದಿದ್ದರೆ? ಎರಡನೇ ಪೀರಿಯಡ್ ಮುಗಿದ ಕೂಡಲೇ ಎಸೆಯಿರಿ ಎಂಬ ತೀರ್ಮಾನ ಮೊದಲೇ ಆಗಿರಲಿ. ತುಂಬಿಕೊಂಡು ಹೋಗುವ ಟ್ರಕ್ ಹಿಂಬಾಗಿಲಲ್ಲಿ ನಿಂತಿರಲಿ.

ಸ್ಪಂಜಿನ ಪಕ್ಕಿಗೆ ನಂಬರ್ ಹಾಕಿ ಮಾರಿ, ನಡುವಿನ ಚುಕ್ಕೆಗೆ ಎಸೆಸುವ ಆಟ ನಿನಗೆ ಗೊತ್ತೇ ಇದೆ. ಆಯ್ದು ತೆಗೆಯಲು ಎಸೆದದ್ದಕ್ಕಿಂತ ಹೆಚ್ಚು ಹೊತ್ತು ಬೇಕು, ಮೆಷಿನ್ ಒಂದೇ ಇದ್ದರೆ ಮ್ಯಾಚ್ ಮುಗಿದ ಮೇಲೆ ಇಟ್ಟುಕೋ. ಬಹುಮಾನ ಹಣದ ರೂಪದ್ದಾದರೆ ನಿಮ್ಮ ರಾಜ್ಯದ ಲಾಟರಿ ನಿಯಮ ಮೊದಲೇ ವಿಚಾರಿಸು.

ಎಷ್ಟೊಂದು ಬರೆದುಬಿಟ್ಟೆ. ಆ ಬಿದ್ದವರ ವಿಷಯ ನಿನ್ನೊಬ್ಬನಿಗೆ ಫೋನಿನಲ್ಲಿ ಹೇಳೋಣ ಅಂತಿದ್ದೆ, ಇರಲಿ ಬಿಡು, ಊರೆಲ್ಲ ಓದಲಿ. ನೀನು ಶುಕ್ರವಾರದೊಳಗೆ ಒಂದು ಟಿ-ಶರ್ಟ್ ಹಿಂಡಿ ಫ್ರೀಜರ್‌ಗೆ ಹಾಕಿ ನೋಡು, ಎಷ್ಟು ಹೊತ್ತಿಗೆ ಬಿಚ್ಚಿತೆಂದು ತಿಳಿಸು. ಹಿತಕಿದ ಅವರೆಬೇಳೆ, ತೆಂಗಿನತುರಿ ಪ್ಯಾಕೆಟ್ ಇರುವ ಅರೆ ಬಿಟ್ಟು ಬೇರೆ ಅರೆಯಲ್ಲಿಡು. ಇಡುವ ಮೊದಲು ಮನೆಯವರನ್ನು ಕೇಳು.

ನಿನ್ನ ಹಳೇ ರೂಮ್‌ಮೇಟ್