ಮದ್ದು ನಾಟದವರ ನೋವು: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ ಶಿರಸಿ ಸೀಮೆಯ ಅಡಿಕೆ ಬೆಳೆಗಾರನೊಬ್ಬನ ನಮಸ್ಕಾರಗಳು.

ಮಾನ್ಯರೇ,

ಕಳೆದ ಕೊಯ್ಲಿನಲ್ಲಿ ನಮ್ಮ ತೋಟದ ಅಡಿಕೆ ಕೊನೆ ಇಳಿಸುವ ಕೊನೆಗೌಡರು ಮರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯ ಬಳಿಕ ಟ್ರಮಡಾಲ್ ಎಂಬ ನೋವುನಿವಾರಕ ಕೊಟ್ಟರೂ ಅವರು ರಾತ್ರಿಯಿಡೀ ನರಳಿದರು. ಪಕ್ಕದ ಹಾಸಿಗೆಯವರು ಅದೇ ಮದ್ದಿಗೆ ನಿದ್ದೆ ಹೋಗಿದ್ದರಿಂದ, ಸಿಬ್ಬಂದಿಯೊಬ್ಬರು ಇದನ್ನು ನಾಟಕವೆಂದೇ ಅಂದುಬಿಟ್ಟರು. ಮರುದಿನ ಮದ್ದು ಬದಲಿಸಿದ ಮೇಲೆ ನೋವು ತಗ್ಗಿತು. ಅವರ ಡಿಸ್ಚಾರ್ಜ್ ಕಾರ್ಡಿನಲ್ಲಿ ಇದರ ಬಗ್ಗೆ ಒಂದಕ್ಷರವೂ ಇಲ್ಲ.

ಕೊಡೀನ್ ಮತ್ತು ಟ್ರಮಡಾಲ್ ಎಂಬ ನೋವುನಿವಾರಕಗಳು ತಮ್ಮ ಪೂರ್ಣ ಪರಿಣಾಮ ತೋರಬೇಕಾದರೆ ಯಕೃತ್ತಿನ ಸಿವೈಪಿ2ಡಿ6 ಎಂಬ ಕಿಣ್ವವು ಮೊದಲನೆಯದನ್ನು ಮಾರ್ಫಿನ್ ಆಗಿ, ಎರಡನೆಯದನ್ನು ಇನ್ನಷ್ಟು ಪ್ರಬಲವಾದ ರೂಪವಾಗಿ ಮಾರ್ಪಡಿಸಬೇಕು. ಈ ಕಿಣ್ವದ ವಂಶವಾಹಿಯ ಎರಡೂ ಪ್ರತಿಗಳು ಕೆಲಸ ಮಾಡದವರಿಗೆ ಮದ್ದು ಸರಿಯಾಗಿ ನಾಟುವುದಿಲ್ಲ. ಹೆಚ್ಚುವರಿ ಪ್ರತಿಗಳಿರುವವರಲ್ಲಿ ಅದು ಅತಿಯಾಗಿ ಉಸಿರಾಟವೇ ಕುಂದಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಇವೆರಡನ್ನೂ ಕೊಡಬಾರದೆಂದದ್ದು ಇದೇ ಅಪಾಯದಿಂದ. ಐಬುಪ್ರೊಫೇನಿನಂಥ ಸಾಮಾನ್ಯ ನೋವಿನ ಮಾತ್ರೆಯೂ ಸಿವೈಪಿ2ಸಿ9 ಎಂಬ ಇನ್ನೊಂದು ಕಿಣ್ವ ಮಂದವಾಗಿರುವವರ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಕೊನೆಗೌಡರ ವಿಷಯದಲ್ಲಿ ಕಾರಣ ಇದೇ ಆಗಿತ್ತೇ ಎಂಬುದು ಪರೀಕ್ಷೆಯಿಲ್ಲದೆ ತಿಳಿಯದು, ಆದರೆ ಅವರು ಸುಳ್ಳಾಡುತ್ತಿದ್ದಾರೆಂದು ತೀರ್ಮಾನಿಸಲು ಯಾವ ಪರೀಕ್ಷೆಯೂ ಬೇಕಾಗಲಿಲ್ಲ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳ ಪೂರ್ವಿಕರು ಆಫ್ರಿಕಾದವರು. ಸಿವೈಪಿ2ಡಿ6 ಕಿಣ್ವವನ್ನು ಮಂದಗೊಳಿಸುವ ಒಂದು ವಂಶವಾಹಿ ರೂಪಾಂತರ ಆಫ್ರಿಕಾ ಮೂಲದವರಲ್ಲಿ ಹೆಚ್ಚಾಗಿ ಕಾಣುತ್ತದೆ. ಹಾಗೆಂದು ಜಾತಿ ನೋಡಿ ಮದ್ದು ಬರೆಯುವುದು ಸಲ್ಲದು. ಒಂದೇ ಮನೆಯ ಅಣ್ಣತಮ್ಮಂದಿರಲ್ಲೇ ವ್ಯತ್ಯಾಸವಿರಬಲ್ಲದಾದ್ದರಿಂದ, ಪರೀಕ್ಷೆ ಮಾಡುವುದಾದರೆ ಆಯಾ ರೋಗಿಯ ಒಪ್ಪಿಗೆ ಪಡೆದು ಅವರದನ್ನಷ್ಟೇ ಮಾಡಬೇಕು.

ಗಾಯ ಮಾಯುವ ಬಗೆಯಲ್ಲೂ ವಂಶವಾಹಿಗಳ ಪಾತ್ರವಿದೆ. ಗಾಯದ ಕಲೆ ಗಡ್ಡೆಯಂತೆ ಬೆಳೆಯುವ ಕೀಲಾಯ್ಡ್ ಕೆಲವು ಮನೆತನಗಳಲ್ಲಿ ಬರುತ್ತದೆ. ಆದರೂ ಗಾಯ ಬೇಗ ಮಾಯಲು ಬಿಡದ ಸಕ್ಕರೆ ಕಾಯಿಲೆ ಮತ್ತು ಬೀಡಿಯ ಹಾವಳಿ ಇಷ್ಟಿರುವಾಗ ಅದರ ಪರೀಕ್ಷೆಗೆ ಸರ್ಕಾರ ಹಣ ಹಾಕಬೇಕೆಂದು ನಾನು ಕೇಳಲಾರೆ.

ನಾನು ಕೇಳುವುದು ಇಷ್ಟು. ಯಾವ ನೋವುನಿವಾರಕ ನಾಟಲಿಲ್ಲ, ಯಾವುದರಿಂದ ತೊಂದರೆಯಾಯಿತು ಎಂಬುದನ್ನು ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳ ಡಿಸ್ಚಾರ್ಜ್ ಕಾರ್ಡಿನಲ್ಲಿ ಕಡ್ಡಾಯವಾಗಿ ಬರೆಯಿಸಿರಿ. ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಲೇಬೇಕಾದ ನಮ್ಮ ರೋಗಿಗಳು ಅಲ್ಲಿ ಮತ್ತೆ ಅದೇ ಮಾತ್ರೆಯಿಂದ ಮೊದಲಾಗುವುದು ತಪ್ಪುತ್ತದೆ. ದೀರ್ಘಕಾಲ ಇಂಥ ಮದ್ದು ಬೇಕಾದವರಿಗಾದರೂ ಸಿವೈಪಿ2ಡಿ6 ಪರೀಕ್ಷೆಯನ್ನು ಕಾರವಾರದ ವೈದ್ಯಕೀಯ ಕಾಲೇಜಿನ ಮೂಲಕ ಉಚಿತವಾಗಿ ಮಾಡಿಸಬಹುದೇ ಎಂದು ಪರಿಶೀಲಿಸಬೇಕಾಗಿ ವಿನಂತಿ.

ಇತಿ,
ಶಿರಸಿ ಸೀಮೆಯ ಅಡಿಕೆ ಬೆಳೆಗಾರ